ಪುಡಿಗೆ ಅಂಟಿಸಿದ ಲೋಹ ನಿಜಕ್ಕೂ ಅಲ್ಲೇ ಇರುತ್ತಾ?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.

ಬಿಪಿ ಮಾತ್ರೆ ತಗೊಳ್ಳೋರು ನಿಮ್ಮ ಮನೆಯಲ್ಲಿ ಒಬ್ಬರಾದರೂ ಇರ್ತಾರೆ. ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಲೋಸಾರ್ಟಾನ್ ಅಂತ ಬರೆದಿದ್ದರೆ, ಇವತ್ತಿನ ಮಾತು ಆ ಮಾತ್ರೆಗೆ ಸಂಬಂಧಪಟ್ಟಿದ್ದು. ಆ ಅಣುವಿನ ನಡುವೆ ಎರಡು ಬೆಂಜೀನ್ ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಕಾಗದದ ಮೇಲೆ ಎರಡು ಷಟ್ಕೋನ ಬರೆದು ನಡುವೆ ಒಂದು ಗೆರೆ ಎಳೆಯೋದು ಸುಲಭ. ಕಾರ್ಖಾನೆಯಲ್ಲಿ ಆ ಒಂದು ಗೆರೆ ಎಳೆಯೋಕೆ ಪಲ್ಲೇಡಿಯಂ ಅನ್ನೋ ಲೋಹ ಬಳಸೋದುಂಟು. ಅಮೆರಿಕದ ಮರ್ಕ್ ಕಂಪನಿಯವರು 1990ರ ದಶಕದಲ್ಲಿ ಲೋಸಾರ್ಟಾನ್ ತಯಾರಿಸುವ ಒಂದು ವಿಧಾನ ಪ್ರಕಟಿಸಿದರು. ಅದರಲ್ಲಿ ಈ ಬೆಸುಗೆ ಹಾಕಿದ್ದು ಸುಜುಕಿ ಕ್ರಿಯೆ. 2010ರ ರಸಾಯನಶಾಸ್ತ್ರದ ನೊಬೆಲ್ ಹೆಕ್, ನೆಗಿಶಿ, ಸುಜುಕಿ ಮೂವರಿಗೂ ಬಂದದ್ದು ಪಲ್ಲೇಡಿಯಂ ಬಳಸಿ ಇಂಗಾಲಕ್ಕೆ ಇಂಗಾಲ ಬೆಸೆಯೋದನ್ನ ಕಲಿಸಿಕೊಟ್ಟಿದ್ದಕ್ಕೆ.

ನಾನು 16 ವರ್ಷದಿಂದ ಬೆಂಗಳೂರಿನ ಹೊರವಲಯದಲ್ಲಿ ಔಷಧ ತಯಾರಿಕೆಯ ಕೆಲಸದಲ್ಲಿದ್ದೀನಿ. ಊರು ಕೊಪ್ಪ ತಾಲೂಕಿನ ಭಂಡಿಗಡಿ. ಇದನ್ನ ರೆಕಾರ್ಡ್ ಮಾಡ್ತಿರೋದು ಊರಿನ ಮನೆಯಿಂದಲೇ. ಹಿಂದೆ ಸದ್ದು ಕೇಳಿಸಿದರೆ ಅದು ಮಳೆ. ತಪ್ಪು ತಿಳ್ಕೋಬೇಡಿ, ಅದನ್ನ ನಿಲ್ಲಿಸೋದು ನನ್ನ ಕೈಲಿಲ್ಲ.

ಪಲ್ಲೇಡಿಯಂ ಇಲ್ಲಿ ಮಾಡೋದು ವೇಗವರ್ಧಕದ ಕೆಲಸ, ಅಂದರೆ ಕ್ಯಾಟಲಿಸ್ಟ್ ಕೆಲಸ. ಕ್ರಿಯೆ ನಡೆಸಿಕೊಡುತ್ತೆ, ತಾನು ಖರ್ಚಾಗಲ್ಲ. ಪುಸ್ತಕದಲ್ಲಿ ಹಾಗಂತ ಇದೆ. ಖರ್ಚಾಗದೆ ಇರಬಹುದು, ಆದರೆ ವಾಪಸ್ ಸಿಗಬೇಕಲ್ಲ? ಲೋಹದ ಲವಣವನ್ನ ದ್ರಾವಣದಲ್ಲಿ ಕರಗಿಸಿ ಹಾಕಿದರೆ ಅದು ಸಾರಿಗೆ ಹಾಕಿದ ಉಪ್ಪಿನ ಹಾಗೆ. ಕೆಲಸ ಅಚ್ಚುಕಟ್ಟಾಗಿ ಮಾಡುತ್ತೆ, ಆಮೇಲೆ ಎತ್ತಿಡೋಕೆ ಬರಲ್ಲ. ಗ್ರಾಮಿಗೆ ಸಾವಿರಾರು ರೂಪಾಯಿಯ ಲೋಹ ಅದು. ದುಡ್ಡಿನ ಮಾತು ಒಂದು ಕಡೆ ಇರಲಿ, ಮಾತ್ರೆಯೊಳಗೆ ಉಳಿದುಕೊಂಡರೆ ಏನು ಮಾಡೋದು? ಬಾಯಿಂದ ತಗೊಳ್ಳೋ ಔಷಧದ ಮೂಲಕ ಒಬ್ಬ ಮನುಷ್ಯನಿಗೆ ದಿನಕ್ಕೆ 100 ಮೈಕ್ರೋಗ್ರಾಂಗಿಂತ ಹೆಚ್ಚು ಪಲ್ಲೇಡಿಯಂ ಹೋಗಬಾರದು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಇಂಜೆಕ್ಷನ್ ಆದರೆ 10 ಮೈಕ್ರೋಗ್ರಾಂ. ಒಬ್ಬರು ದಿನಕ್ಕೆ 10 ಗ್ರಾಂ ಔಷಧ ತಿಂತಾರೆ ಅನ್ನೋ ದೊಡ್ಡ ಲೆಕ್ಕ ಹಿಡಿದರೆ ಔಷಧದಲ್ಲಿ 10 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಪಾಲು. 50 ಮಿಲಿಗ್ರಾಂ ಮಾತ್ರೆಗೆ ಲೆಕ್ಕ ಇಷ್ಟು ಬಿಗಿ ಇಲ್ಲ, ನಿಜ. ಆದರೂ ಕಾರ್ಖಾನೆಯಲ್ಲಿ ನಾವು ಗುರಿ ಇಟ್ಟುಕೊಳ್ಳೋದು ಅದರ ಆಸುಪಾಸಿಗೇ.

ಅದಕ್ಕೇ ಹುಟ್ಟಿದ್ದು ಲೋಹವನ್ನ ಕರಗದ ಘನವಸ್ತುವಿನ ಮೇಲೆ ಕೂರಿಸುವ ಯೋಚನೆ. ಇದ್ದಿಲು, ಅಲ್ಯೂಮಿನಾ, ಸಿಲಿಕಾ, ಜೇಡಿ, ಪ್ಲಾಸ್ಟಿಕ್ ಮಣಿ, ಯಾವುದಾದರೂ ಆಗಬಹುದು. ಕ್ರಿಯೆ ಮುಗಿದ ಮೇಲೆ ಸೋಸಿ, ಪುಡಿ ಎತ್ತಿಟ್ಟು, ಮತ್ತೆ ಬಳಸಿ. ಇದೇನು ಹೊಸದಲ್ಲ. ಡಾಲ್ಡಾ ಡಬ್ಬ ನೋಡಿದ್ದೀರಲ್ಲ? ದ್ರವ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದು ನಿಕ್ಕಲ್. ಅದನ್ನೂ ಪುಡಿಯಾಗಿಯೇ ಹಾಕಿ, ಆಮೇಲೆ ಸೋಸಿ ತೆಗೀತಾರೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರೋದು ಇದ್ದಿಲಿನ ಮೇಲೆ ಕೂರಿಸಿದ ಪಲ್ಲೇಡಿಯಂ, ತೂಕದಲ್ಲಿ ಶೇ. 5 ಅಥವಾ ಶೇ. 10. ಕಪ್ಪು ಪುಡಿ, ನೋಡೋಕೆ ಬಚ್ಚಲೊಲೆಯ ಮಸಿ. ಸಾಧುವಲ್ಲ. ಹೈಡ್ರೋಜನ್ ಕುಡಿದ ಮೇಲೆ ಮೆಥನಾಲ್ ಹಸಿ ಇರುವಾಗ ಗಾಳಿಗೆ ಬಿಟ್ಟು ಒಣಗಿಸಿದರೆ ತಾನಾಗೇ ಹೊತ್ತಿಕೊಳ್ಳುತ್ತೆ. ಅದಕ್ಕೇ ಸದಾ ನೀರಲ್ಲಿ ನೆನೆಸಿಟ್ಟಿರಬೇಕು.

ಇದ್ದಿಲೇ ಯಾಕೆ ಅಂತ ಕೇಳಬಹುದು. ಜಾಗಕ್ಕೆ. ತೆಂಗಿನ ಚಿಪ್ಪಿನಿಂದ ಮಾಡಿದ ಒಳ್ಳೆ ಇದ್ದಿಲಿನ ಒಂದು ಗ್ರಾಮಿನ ಒಳಗೆ, ಕಣ್ಣಿಗೆ ಕಾಣದ ತೂತುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ, ಸುಮಾರು 1000 ಚದರ ಮೀಟರ್ ಮೇಲ್ಮೈ ಇರುತ್ತೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಹತ್ತು ಗುಂಟೆಯಲ್ಲಿ ನೂರಮೂವತ್ತು ಚಿಲ್ಲರೆ ಅಡಿಕೆ ಮರ ನಿಲ್ಲಿಸಬಹುದು, ಇಲ್ಲಿ ಅದು ಒಂದು ಚಿಟಿಕೆ ಪುಡಿಯ ಒಳಗಿದೆ. ಅಷ್ಟು ಜಾಗದಲ್ಲಿ ಪಲ್ಲೇಡಿಯಂ ಪರಮಾಣುಗಳನ್ನ ಸಣ್ಣ ಸಣ್ಣ ಗುಂಪಾಗಿ ಹರಡಿ ಕೂರಿಸಿದರೆ ಹೆಚ್ಚಿನವು ಹೊರಮೈಯಲ್ಲೇ ಇರ್ತವೆ, ಕೆಲಸಕ್ಕೆ ಸಿಗ್ತವೆ.

ಇಲ್ಲಿವರೆಗೆ ಎಲ್ಲ ಚಂದ. ಪ್ರಶ್ನೆ ಇರೋದು ಮುಂದೆ. ಕೂರಿಸಿದ ಲೋಹ ಕೂತಲ್ಲೇ ಇರುತ್ತಾ?

ಇದನ್ನ ವಿವರಿಸೋಕೆ ನನಗೆ ನಮ್ಮ ತೋಟಕ್ಕಿಂತ ಒಳ್ಳೆ ಪ್ರಯೋಗಶಾಲೆ ಗೊತ್ತಿಲ್ಲ. ಮಳೆಗಾಲದ ಮೊದಲು ಅಡಿಕೆಗೆ ಔಷಧಿ ಹೊಡೀತೀವಲ್ಲ, ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ನೀರಲ್ಲಿ ಪೂರ್ತಿ ಕರಗುತ್ತೆ. ಅದನ್ನೊಂದನ್ನೇ ಹೊಡೆದರೆ ಎರಡು ಕಷ್ಟ. ಗಿಡ ಸುಡುತ್ತೆ, ಮತ್ತೆ ಮೊದಲ ಮಳೆಗೇ ತೊಳೆದುಹೋಗುತ್ತೆ. ಸುಣ್ಣ ಸೇರಿಸಿದ ಕೂಡಲೇ ತಾಮ್ರ ಕರಗದ ತಿಳಿನೀಲಿ ಕಣಗಳಾಗಿ ಕೂರುತ್ತೆ. ಗೊನೆಗೆ ಅಂಟಿಕೊಳ್ಳುತ್ತೆ. ಆಮೇಲೆ ಮಳೆನೀರು ಬಿದ್ದಾಗ ತಾಮ್ರ ಇಷ್ಟಿಷ್ಟೇ ಬಿಡುಗಡೆಯಾಗಿ ಕೊಳೆರೋಗದ ಬೀಜಕಣಗಳನ್ನ ಕೊಲ್ಲುತ್ತೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದಲ್ಲಿ, ದಾರಿಹೋಕರು ಹಣ್ಣು ಕದಿಯದಿರಲಿ ಅಂತ ಬಳಿಯುತ್ತಿದ್ದ ಮಿಶ್ರಣ ಇದು. ಅದಕ್ಕೆ ರೋಗ ತಡೆಯುವ ಗುಣ ಇದೆ ಅಂತ ಮಿಲಾರ್ದೆ ಅನ್ನುವವರು 1885ರಲ್ಲಿ ಪ್ರಕಟಿಸಿದರು. ನಮ್ಮ ಅಡಿಕೆಗೆ ಅದನ್ನ ಒಗ್ಗಿಸಿದ್ದು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಕೊಳೆರೋಗದ ಮೇಲೆ ಅವರ ವರದಿ ಬಂದದ್ದು 1910ರಲ್ಲಿ. ಅದಕ್ಕೂ ಮೊದಲು ಮಲೆನಾಡಿನಲ್ಲಿ ಇದ್ದ ಉಪಾಯ ಅಂದರೆ ಗೊನೆಗೆ ಕೊಟ್ಟೆ ಕಟ್ಟೋದು. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದೂ ಇದೇ ಕೋಲ್ಮನ್ ಕೃಷಿ ನಿರ್ದೇಶಕರಾಗಿದ್ದ ಕಾಲದಲ್ಲಿ. ಈ ಸೀಮೆ ಅವರನ್ನ ಇನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಬೇಕಿತ್ತು ಅಂತ ನನಗೆ ಅನ್ನಿಸುತ್ತೆ. ಇರಲಿ.

ಈಗ ಕತ್ತಿಯ ವಿಷಯಕ್ಕೆ ಬರ್ತೀನಿ. ಡ್ರಮ್ಮಿನಲ್ಲಿ ದ್ರಾವಣ ತಯಾರಾದ ಮೇಲೆ ಅಪ್ಪ ಅದರೊಳಗೆ ಹೊಳೆಯೋ ಕಬ್ಬಿಣದ ಕತ್ತಿ ಅದ್ದಿ ಸ್ವಲ್ಪ ಹೊತ್ತು ಇಡ್ತಿದ್ದರು. ತೆಗೆದಾಗ ಅಲಗಿನ ಮೇಲೆ ಕೆಂಪು ಹತ್ತಿದ್ದರೆ, "ಸುಣ್ಣ ಸಾಲ್ಲ, ಇನ್ನೊಂಚೂರು ಹಾಕು" ಅನ್ನೋರು. ಆ ಕೆಂಪು ತಾಮ್ರ. ಕಣವಾಗಿ ಕೂರದೆ ನೀರಲ್ಲಿ ಸಡಿಲವಾಗಿ ಓಡಾಡ್ತಿರೋ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತೆ. ಕಣ್ಣಿಗೆ ದ್ರಾವಣ ನೀಲಿಯಾಗೇ ಕಾಣುತ್ತೆ. ಎಷ್ಟು ಕೂತಿದೆ, ಎಷ್ಟು ಓಡಾಡ್ತಿದೆ ಅಂತ ಕಣ್ಣಿಗೆ ಗೊತ್ತಾಗಲ್ಲ, ಕತ್ತಿಗೆ ಗೊತ್ತಾಗುತ್ತೆ. ಘನದ ಮೇಲೆ ಕೂರಿಸಿದ ಯಾವ ಲೋಹಕ್ಕಾದರೂ ಕೇಳಬೇಕಾದ ಪ್ರಶ್ನೆ ಇದೇ, ಮಾರಾಯ್ರೆ. ವ್ಯತ್ಯಾಸ ಒಂದೇ. ತೋಟದಲ್ಲಿ ತಾಮ್ರ ನಿಧಾನಕ್ಕೆ ಸೋರಬೇಕು ಅಂತಲೇ ಮಾಡಿರ್ತೀವಿ. ಔಷಧದ ಪಾತ್ರೆಯಲ್ಲಿ ಪಲ್ಲೇಡಿಯಂ ಸೋರಲೇಬಾರದು ಅಂತ ಮಾಡಿರ್ತೀವಿ.

ಹಾಗಾದರೆ ಪಲ್ಲೇಡಿಯಂಗೆ ಕತ್ತಿ ಯಾವುದು? ಬಿಸಿ ಸೋಸುವ ಪರೀಕ್ಷೆ ಅಂತ ಒಂದಿದೆ. ಕ್ರಿಯೆ ಅರ್ಧ ಆಗಿರುವಾಗ, ಕಾವು ಇಳಿಯೋಕೆ ಬಿಡದೆ, ಪುಡಿಯನ್ನ ಸೋಸಿ ತೆಗೆದುಬಿಡೋದು. ಉಳಿದ ತಿಳಿಯನ್ನ ಅದೇ ಕಾವಿನಲ್ಲಿ ಮುಂದುವರಿಸೋದು. ಕ್ರಿಯೆ ಅಲ್ಲಿಗೇ ನಿಂತರೆ ಕೆಲಸ ಮಾಡ್ತಿದ್ದದ್ದು ಪುಡಿ. ತಿಳಿಯಲ್ಲೂ ಕ್ರಿಯೆ ಸಾಗಿದರೆ ಲೋಹ ಸೋರಿದೆ, ಕೆಲಸ ಮಾಡ್ತಿರೋದು ಅದು. ನಮ್ಮ ಕಾಫಿ ಫಿಲ್ಟರ್ ನೆನಪು ಮಾಡ್ಕೊಳ್ಳಿ, ಪುಡಿ ಮೇಲೇ ಉಳಿಯುತ್ತೆ, ಆದರೆ ರುಚಿ ಎಲ್ಲ ಕೆಳಗೆ ಡಿಕಾಕ್ಷನ್ನಿನಲ್ಲಿ.

ಬಿಸಿಯಲ್ಲೇ ಯಾಕೆ ಸೋಸಬೇಕು ಅನ್ನೋದರಲ್ಲಿ ಇಡೀ ಕಥೆ ಇದೆ. 2000ದ ಸುಮಾರಿಗೆ ಜಪಾನಿನಲ್ಲಿ ಅರಾಯ್ ಅವರ ತಂಡ ಹೆಕ್ ಕ್ರಿಯೆಯನ್ನ ಘನದ ಮೇಲೆ ಕೂರಿಸಿದ ಮಾಮೂಲು ಪಲ್ಲೇಡಿಯಂ ಬಳಸಿ ನಡೆಸುತ್ತಾ, ನಡುನಡುವೆ ದ್ರಾವಣದಲ್ಲಿ ಲೋಹ ಎಷ್ಟಿದೆ ಅಂತ ಅಳೆಯುತ್ತಾ ಹೋಯಿತು. ಕ್ರಿಯೆ ಶುರುವಾದ ಕೂಡಲೇ ಪಲ್ಲೇಡಿಯಂ ಪುಡಿ ಬಿಟ್ಟು ದ್ರಾವಣಕ್ಕೆ ಇಳಿಯುತ್ತೆ. ಕ್ರಿಯೆ ಮುಗೀತಾ ಬಂದ ಹಾಗೆ ಮತ್ತೆ ಪುಡಿಗೆ ಮರಳುತ್ತೆ. ಕಾರಣ ಇಷ್ಟು: ಪಲ್ಲೇಡಿಯಂ ಪರಮಾಣು ಅಯೊಡೋಬೆಂಜೀನಿನ ಅಣುವನ್ನ ಹಿಡಿದುಕೊಂಡ ತಕ್ಷಣ ಅದು ಲೋಹವಾಗಿ ಉಳಿಯಲ್ಲ, ಕರಗುವ ಸಂಯುಕ್ತ ಆಗುತ್ತೆ. ಹಿಡಿಯೋಕೆ ಅಣು ಮುಗಿದ ಮೇಲೆ ಮತ್ತೆ ಲೋಹವಾಗಿ, ಸಿಕ್ಕಿದ ಮೇಲ್ಮೈ ಮೇಲೆ ಕೂರುತ್ತೆ. ನಮ್ಮೂರಿಂದ ಬೆಳಗ್ಗೆ ಬಸ್ಸು ಹತ್ತಿ ಕೊಪ್ಪಕ್ಕೆ ಕೆಲಸಕ್ಕೆ ಹೋಗಿ ಸಂಜೆ ಮನೆ ಸೇರೋರ ಥರ. ಜನಗಣತಿಯವರು ರಾತ್ರಿ ಎಂಟಕ್ಕೆ ಬಂದರೆ ಎಲ್ಲರೂ ಮನೆಯಲ್ಲೇ ಇರ್ತಾರೆ, "ಇವರು ಯಾರೂ ಊರು ಬಿಟ್ಟು ಹೋಗಲ್ಲ" ಅಂತ ಬರ್ಕೊಂಡು ಹೋಗ್ತಾರೆ. ಕ್ರಿಯೆ ಮುಗಿಸಿ, ತಣ್ಣಗಾದ ಮೇಲೆ ಸೋಸಿ, ತಿಳಿಯಲ್ಲಿ ಲೋಹ ಇಲ್ಲ, ಆದ್ದರಿಂದ ಸೋರಿಕೆ ಇಲ್ಲ ಅಂತ ಬರೆದ ಪ್ರಬಂಧಗಳು ಎಷ್ಟಿದಾವೋ, ಅವೆಲ್ಲ ರಾತ್ರಿ ಎಂಟರ ಗಣತಿ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ನೋಡಬೇಕು.

ಎಲ್ಲ ಕ್ರಿಯೆಯೂ ಹೀಗೆ ಅಂತ ನಾನು ಹೇಳ್ತಿಲ್ಲ. ಹೈಡ್ರೋಜನ್ ಸೇರಿಸುವ ಕೆಲಸಕ್ಕೆ ಇದ್ದಿಲ ಮೇಲಿನ ಪಲ್ಲೇಡಿಯಂ ಬಳಸಿದರೆ ಕ್ರಿಯೆ ನಡೆಯೋದು ಲೋಹದ ಮೇಲ್ಮೈಯಲ್ಲೇ. ಅಲ್ಲಿ ಅದು ನಂಬಿಕಸ್ಥ ಆಳು. ತಕರಾರು ಇರೋದು ಸುಜುಕಿ, ಹೆಕ್ ಥರದ ಇಂಗಾಲ-ಇಂಗಾಲ ಬೆಸುಗೆಯಲ್ಲಿ.

ಮತ್ತೆ, ಸೋರೋದು ತೀರಾ ಕಡಿಮೆ ಆದರೆ ಚಿಂತೆ ಯಾಕೆ ಅಂತ ಕೆಲವರು ಕೇಳ್ತಾರೆ. ತೀರಾ ಕಡಿಮೆ ಅನ್ನೋದು ಎಷ್ಟು ಅನ್ನೋದಕ್ಕೆ ಒಂದು ಪ್ರಸಂಗ ಹೇಳ್ತೀನಿ. 2003ರಲ್ಲಿ ಲೆಡ್‌ಬೀಟರ್ ಅನ್ನುವ ವಿಜ್ಞಾನಿಯ ತಂಡ ಯಾವ ಲೋಹವೂ ಇಲ್ಲದೆ ಸುಜುಕಿ ಥರದ ಬೆಸುಗೆ ಸಾಧ್ಯ ಅಂತ ಪ್ರಕಟಿಸಿತು. ದೊಡ್ಡ ಸುದ್ದಿ. ಪಲ್ಲೇಡಿಯಂ ಹಾಕಿಲ್ಲ, ಆದರೂ ಕ್ರಿಯೆ ನಡೀತು. ಆಮೇಲೆ ಅದೇ ತಂಡ ಎಲ್ಲವನ್ನೂ ಮತ್ತೆ ತಡಕಾಡಿ 2005ರಲ್ಲಿ ತಮ್ಮ ತೀರ್ಮಾನವನ್ನ ತಾವೇ ತಿದ್ದಿತು. ಪಾತ್ರೆಗೆ ಹಾಕಿದ್ದ ಸೋಡಿಯಂ ಕಾರ್ಬೊನೇಟಿನಲ್ಲಿ, ಅಂದರೆ ಅಂಗಡಿಯಿಂದ ತಂದ ಸೋಡಾದಲ್ಲೇ, 50 ಪಿಪಿಬಿ ಮಟ್ಟದಲ್ಲಿ ಪಲ್ಲೇಡಿಯಂ ಇತ್ತು. ಒಂದು ಟನ್ ಸೋಡಾದಲ್ಲಿ 50 ಮಿಲಿಗ್ರಾಂ. ಅಷ್ಟು ಸಾಕಾಯ್ತು. ಡಚ್ ರಸಾಯನ ವಿಜ್ಞಾನಿ ಡಿ ವ್ರೀಸ್ ಮತ್ತು ಸಂಗಡಿಗರು ಇಂಥ ಅತಿ ಕಡಿಮೆ ಪ್ರಮಾಣಕ್ಕೆ ಹೋಮಿಯೋಪತಿ ಪಲ್ಲೇಡಿಯಂ ಅಂತಲೇ ಹೆಸರಿಟ್ಟರು. ಹೆಕ್ ಕ್ರಿಯೆಯಲ್ಲಿ ಲೋಹ ಹೆಚ್ಚು ಹಾಕಿದರೆ ಪರಮಾಣುಗಳು ಒಟ್ಟುಗೂಡಿ ಕಪ್ಪು ಗಸಿಯಾಗಿ ತಳಕ್ಕೆ ಕೂತು ಕೆಲಸ ಕೆಡುತ್ತೆ, ಕಡಿಮೆ ಹಾಕಿದರೆ ಚೆನ್ನಾಗಿ ನಡೆಯುತ್ತೆ ಅಂತ ಅವರು ತೋರಿಸಿದರು. ಅಲ್ಲಿಗೆ, ನೀವು ಜತನದಿಂದ ಪುಡಿಗೆ ಅಂಟಿಸಿದ ನೂರು ಪಾಲಿನಲ್ಲಿ ತೊಂಬತ್ತೊಂಬತ್ತು ಸುಮ್ಮನೆ ಕೂತಿದ್ದು, ಸೋರಿದ ಒಂದು ಪಾಲೇ ಇಡೀ ಕೆಲಸ ಮಾಡಿರಬಹುದು.

ಆ ಒಂದು ಪಾಲು ಮಾತ್ರೆಯ ಕಡೆಗೆ ಹೇಗೆ ಹೋಗುತ್ತೆ ಅನ್ನೋದಕ್ಕೂ ಲೆಕ್ಕ ಹಾಕೋಣ. 100 ಕೆಜಿ ಔಷಧದ ಒಂದು ಬ್ಯಾಚಿಗೆ 200 ಗ್ರಾಂ ಪಲ್ಲೇಡಿಯಂ ಬಳಸಿದ್ದೀರಿ ಅಂತಿಟ್ಟುಕೊಳ್ಳಿ. ಶೇ. 1 ಸೋರಿ ಸರಕಿನಲ್ಲಿ ಉಳೀತು. 2 ಗ್ರಾಂ. 100 ಕೆಜಿಗೆ 2 ಗ್ರಾಂ ಅಂದರೆ 20 ಪಿಪಿಎಂ. ಶೇ. 99 ಪುಡಿಯಲ್ಲೇ ಇದೆ ಅಂತ ಸಂತೋಷ ಪಡೋರು ಪಡಲಿ, ಆ ಬ್ಯಾಚು ನನ್ನ ಮೇಜು ದಾಟಲ್ಲ.

ನನ್ನ ಹತ್ತಿರ ಕೆಲಸಕ್ಕೆ ಬರೋ ಹುಡುಗ ಹುಡುಗಿಯರಲ್ಲಿ ಮಲೆನಾಡಿನವರೂ ಇರ್ತಾರೆ. ಎಂಎಸ್ಸಿ, ಪಿಎಚ್‌ಡಿ ಮುಗಿಸಿ ಬಂದಿರ್ತಾರೆ. ಅವರ ಪ್ರಬಂಧದಲ್ಲಿ ತಪ್ಪದೆ ಒಂದು ಚಿತ್ರ ಇರುತ್ತೆ. ಐದು ಕಂಬ, ಎಲ್ಲ ಒಂದೇ ಎತ್ತರ. ಕ್ಯಾಟಲಿಸ್ಟನ್ನ ಐದು ಸಲ ಮರುಬಳಕೆ ಮಾಡಿದರೂ ಇಳುವರಿ ಶೇ. 95 ಅಂತ. ಅದನ್ನ ನೋಡಿದ ಕೂಡಲೇ ನಾನು ಕೇಳೋದು, "ಪ್ರತಿ ಸಲ ಎಷ್ಟು ಗಂಟೆ ಇಟ್ಟಿದ್ರಿ?" ಹನ್ನೆರಡು ಗಂಟೆ ಸರ್, ರಾತ್ರಿ ಇಟ್ಟು ಬೆಳಗ್ಗೆ ತೆಗೀತಿದ್ವಿ. ಮೊದಲ ಸಲ ಕ್ರಿಯೆ ಮುಗಿಯೋಕೆ ಎಷ್ಟು ಹೊತ್ತು ಬೇಕಿತ್ತು? ಒಂದು ಗಂಟೆ ಸರ್. ಅಲ್ಲಿಗೆ ಚಿತ್ರ ಬಿದ್ದುಹೋಯ್ತು.

ಅಡಿಕೆ ಕೊನೆ ತೆಗೆಯೋ ಲೆಕ್ಕದಲ್ಲಿ ನೋಡಿ. ನಾಲ್ಕು ಜನ ಕೊನೆಗಾರರಿಗೆ ಒಂದು ದಿನದ ಕೆಲಸ ಇದೆ. ನೀವು ಮೂರು ದಿನ ಬಿಟ್ಟು ಬಂದು ನೋಡಿದರೆ ತೋಟದ ಕೊನೆಯೆಲ್ಲ ಇಳಿದಿರುತ್ತೆ. ನಾಲ್ಕೂ ಜನ ಬಂದಿದ್ದರು ಅಂತ ಹೇಳೋಕಾಗುತ್ತಾ? ಇಬ್ಬರೇ ಬಂದಿದ್ದರೂ ಕೆಲಸ ಮುಗಿದಿರುತ್ತೆ. ಹಾಗೇ ಕ್ಯಾಟಲಿಸ್ಟು ಮುಕ್ಕಾಲು ಸತ್ತಿದ್ದರೂ ಹನ್ನೆರಡು ಗಂಟೆಯಲ್ಲಿ ಶೇ. 95 ಕೊಡಬಹುದು. ನೋಡಬೇಕಾದ್ದು ಮೊದಲ ಹದಿನೈದು ನಿಮಿಷದಲ್ಲಿ ಎಷ್ಟು ಆಯ್ತು ಅನ್ನೋದು. ಐದನೇ ಸಲವೂ ಅದೇ ವೇಗ ಇದ್ದರೆ ಮಾತ್ರ ಅದು ಮರುಬಳಕೆ. ಇದನ್ನ ಹೇಳಿದಾಗ ಕೆಲವರ ಮುಖ ಬಾಡುತ್ತೆ. ಬೇಜಾರಾಗುತ್ತೆ, ಆದರೆ ಯಾರಾದರೂ ಹೇಳಲೇಬೇಕು.

ಇನ್ನು, ಲೋಹವನ್ನ ನಿಜಕ್ಕೂ ಬಿಗಿಯಾಗಿ ಹಿಡಿಯೋಕೆ ಏನು ದಾರಿ? ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಕೆಲಸವೊಂದು ನನಗೆ ತುಂಬ ಇಷ್ಟ. ಅಲ್ಲಿ ಕೆ.ಸಿ. ಪಾಟೀಲರು ದಹನ ವಿಧಾನ ಅನ್ನೋದನ್ನ ರೂಪಿಸಿದರು. 1988ರಲ್ಲಿ ಪ್ರಕಟವಾದ ಪ್ರಯೋಗ ಕೇಳಿದರೆ ಅಡುಗೆ ಥರ ಇದೆ. ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಸೇರಿಸಿ, ಒಂದು ಬಟ್ಟಲಲ್ಲಿಟ್ಟು, 500 ಡಿಗ್ರಿಯ ಕುಲುಮೆಗೆ ತಳ್ಳೋದು. ಕುದ್ದು, ಉಬ್ಬಿ, ಹೊತ್ತಿ ಉರಿದು, ಐದೇ ನಿಮಿಷದಲ್ಲಿ ಬಟ್ಟಲ ತುಂಬ ಬಿಳಿ ನೊರೆಯಂಥ ಅಲ್ಯೂಮಿನಾ. ಯೂರಿಯಾ ಅಂದರೆ ಗೊಬ್ಬರದ ಅಂಗಡಿಯ ಅದೇ ಯೂರಿಯಾ. ಮುಂದೆ ಎಂ.ಎಸ್. ಹೆಗಡೆಯವರು ಇದೇ ದಾರಿಯಲ್ಲಿ ಹೋಗಿ ಸೀರಿಯಂ ಆಕ್ಸೈಡನ್ನ ತಯಾರಿಸುವಾಗಲೇ ಪಲ್ಲೇಡಿಯಂ, ಪ್ಲಾಟಿನಂ ಲವಣ ಸೇರಿಸಿದರು. ಆಗ ಆದದ್ದೇನು ಅಂದರೆ, ಲೋಹ ಮೇಲ್ಮೈ ಮೇಲೆ ಉಂಡೆಯಾಗಿ ಕೂರಲಿಲ್ಲ. ಅಯಾನು ರೂಪದಲ್ಲಿ ಆಕ್ಸೈಡಿನ ಹರಳಿನ ಒಳಗೇ, ಸೀರಿಯಂ ಇರಬೇಕಾದ ಜಾಗದಲ್ಲೇ ಸೇರಿಕೊಂಡಿತು. ಗೋಡೆಗೆ ಬಳಿದ ಬಣ್ಣಕ್ಕೂ ಗೋಡೆಯೊಳಗೆ ಸೇರಿಸಿ ಕಟ್ಟಿದ ಕಲ್ಲಿಗೂ ಇರೋ ವ್ಯತ್ಯಾಸ. ಪಾಟೀಲ್, ಹೆಗಡೆ, ಗಿರಿಧರ ಮದ್ರಾಸ್ ಮೂವರೂ ಸೇರಿ 2009ರಲ್ಲಿ ಈ ಅಯಾನಿಕ ಕ್ಯಾಟಲಿಸ್ಟುಗಳ ಬಗ್ಗೆ ಒಂದು ಸಮೀಕ್ಷೆ ಬರೆದಿದ್ದಾರೆ.

ಅವರ ಹೆಚ್ಚಿನ ಕೆಲಸ ವಾಹನದ ಹೊಗೆ ಶುದ್ಧ ಮಾಡೋ ಕ್ಯಾಟಲಿಸ್ಟಿನ ಮೇಲೆ. ಆದರೆ 2019ರಲ್ಲಿ ಹೆಗಡೆಯವರು ಸಂಗಡಿಗರ ಜೊತೆ ಹೆಕ್ ಕ್ರಿಯೆಗೂ ಇದನ್ನ ತಂದರು. ಕಾರಿನ ಸೈಲೆನ್ಸರ್ ದಾರಿಯಲ್ಲಿ ಜೇನುಗೂಡಿನಂಥ ಪಿಂಗಾಣಿ ದಿಂಡು ಇರುತ್ತಲ್ಲ, ಕಾರ್ಡಿಯರೈಟ್ ಅಂತಾರೆ, ಅದರ ಮೇಲೆ ಪಲ್ಲೇಡಿಯಂ ಅಯಾನಿಕ ಕ್ಯಾಟಲಿಸ್ಟನ್ನ ಲೇಪಿಸಿ ಬಳಸಿದರು. ಸೋಸೋ ರಗಳೆಯೇ ಇಲ್ಲ. ಕ್ರಿಯೆ ಮುಗಿದ ಮೇಲೆ ದಿಂಡನ್ನ ಎತ್ತಿ ತೊಳೆದು ಮತ್ತೆ ಇಳಿಸೋದು. ಕಾರ್ಖಾನೆಯಲ್ಲಿ ಕಪ್ಪು ಪುಡಿ ಸೋಸಿ ಕೈ ಮೈ ಮಸಿ ಮಾಡಿಕೊಂಡವರಿಗೆ ಇದರ ಬೆಲೆ ಗೊತ್ತು. ಹಾಗಂತ ಕತ್ತಿ ಅದ್ದೋ ಪ್ರಶ್ನೆಯಿಂದ ಇದಕ್ಕೂ ವಿನಾಯಿತಿ ಇಲ್ಲ. ಹೆಕ್ ಕ್ರಿಯೆಯ ಕಾವಿನಲ್ಲಿ, ಕ್ಷಾರದ ಜೊತೆಯಲ್ಲಿ, ಹರಳಿನೊಳಗಿನ ಅಯಾನನ್ನೂ ಹೊರಗೆಳೆಯೋ ಶಕ್ತಿ ಆ ಪಾತ್ರೆಗಿದೆ. ಪ್ರತಿ ಹೊಸ ಅಣುವಿಗೂ, ಪ್ರತಿ ಹೊಸ ದ್ರಾವಕಕ್ಕೂ ಮತ್ತೆ ಪರೀಕ್ಷೆ ಮಾಡಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಇಂಥ ಬೆಸುಗೆಗಳಲ್ಲಿ ಪೂರ್ತಿ ಸೋರದ ಕ್ಯಾಟಲಿಸ್ಟಿಗಾಗಿ ಹಟ ಹಿಡಿಯೋದಕ್ಕಿಂತ, ಸೋರುತ್ತೆ ಅಂತ ಒಪ್ಪಿಕೊಂಡು ಲೆಕ್ಕ ಸರಿ ಇಡೋದು ಜಾಣತನ. ಪುಡಿಯನ್ನ ಲೋಹದ ಮನೆ ಅನ್ನೋ ಬದಲು ಲೋಹದ ಕಣಜ ಅಂತ ತಿಳ್ಕೊಳ್ಳಿ. ಬೇಕಾದಾಗ ಸ್ವಲ್ಪ ಕೊಡುತ್ತೆ, ಆಮೇಲೆ ಆದಷ್ಟನ್ನ ವಾಪಸ್ ತಗೊಳ್ಳುತ್ತೆ. ವಾಪಸ್ ಬರದೆ ತಿಳಿಯಲ್ಲಿ ಉಳಿದದ್ದನ್ನ ಹಿಡಿಯೋಕೆ ಇನ್ನೊಂದು ಪುಡಿ ಇದೆ. ಸಿಲಿಕಾ ಕಣಗಳ ಮೇಲೆ ಗಂಧಕ ಇರುವ ಥಯಾಲ್ ಗುಂಪುಗಳನ್ನ ಕಟ್ಟಿರ್ತಾರೆ. ಗಂಧಕಕ್ಕೂ ಪಲ್ಲೇಡಿಯಂಗೂ ಬಿಡಿಸಲಾರದ ನಂಟು. ತಿಳಿಯನ್ನ ಅದರ ಮೂಲಕ ಹರಿಸಿದರೆ ಲೋಹ ಅಲ್ಲೇ ಸಿಕ್ಕಿಕೊಳ್ಳುತ್ತೆ. ಹಿಡಿದದ್ದನ್ನ ಸುಲಭಕ್ಕೆ ಬಿಡಲ್ಲ. ಕಾವಲಿಗೆ ಮಾತ್ರ ಇದಕ್ಕಿಂತ ಒಳ್ಳೇದು ಬೇಕಿಲ್ಲ.

ಕೊನೆಗೆ ಎರಡೂ ಪುಡಿಗಳು ಬೇರೆ ಬೇರೆ ಡ್ರಮ್ಮಿಗೆ ಹೋಗ್ತವೆ, ಕಪ್ಪು ಪುಡಿ ನೀರಲ್ಲಿ ನೆನೆದುಕೊಂಡೇ. ತೂಗಿ, ಸೀಲು ಹಾಕಿ, ಲೋಹ ಮರಳಿ ತೆಗೆಯುವವರಿಗೆ ಕಳಿಸ್ತೀವಿ. ಅವರು ಸುಟ್ಟು, ಕರಗಿಸಿ, ಇಷ್ಟು ಗ್ರಾಂ ಸಿಕ್ಕಿತು ಅಂತ ಚೀಟಿ ಕಳಿಸ್ತಾರೆ. ಹೋದದ್ದು 200 ಗ್ರಾಂ, ಬಂದದ್ದು 194 ಅಂದರೆ ಆ ಆರು ಗ್ರಾಮಿಗಾಗಿ ಸೋಸು ಬಟ್ಟೆ, ಪೈಪಿನ ಮೂಲೆ, ತೊಳೆದ ನೀರು, ಸರಕು ಎಲ್ಲವನ್ನೂ ಅಳೀತೀವಿ. ಹುಡುಕಾಟ ಮುಗಿಯೋವರೆಗೆ ಮುಂದಿನ ಬ್ಯಾಚು ಹತ್ತಿಸಲ್ಲ.